ಕೊನೆಗೆ ಮುಚ್ಚಬೇಕಾದ ಬಾಗಿಲು



ಬೇಸಿಗೆಯ ರಜೆ ಮುಗಿದು ಶಾಲೆಗಳು ಮರಳಿ ತೆರೆಯುವ ದಿನ ಊರಿಗೆ ಹಬ್ಬವಿದ್ದಂತೆ. ಬಾಗಿಲಿಗೆ ಮಾವಿನೆಲೆಯ ತೋರಣ, ಹೊಸ್ತಿಲ ಮುಂದೆ ರಂಗವಲ್ಲಿ, ಮಕ್ಕಳ ಕೈಗೆ ಹೂವು, ಬಿಸಿಯೂಟಕ್ಕೆ ಒಂದು ಸಿಹಿ. ಇದನ್ನು ಕಂಡಾಗಲೆಲ್ಲ ನಮಗೆ ಸಂತೋಷದ ಜೊತೆಗೆ ಒಂದು ಅಳುಕೂ ಉಂಟಾಗುತ್ತದೆ. 2020ನೆಯ ಇಸವಿಯ ಜೂನ್ ತಿಂಗಳಲ್ಲಿ ನಮ್ಮ ನಾಡಿನ ಯಾವ ಶಾಲೆಯ ಬಾಗಿಲಿಗೂ ತೋರಣ ಏರಲಿಲ್ಲ. 2021ರ ಜೂನ್ ತಿಂಗಳಲ್ಲಿಯೂ ಏರಲಿಲ್ಲ. ಕೊರೊನಾ ಎಂಬ ಮಹಾಮಾರಿಯ ಆ ದಿನಗಳನ್ನು ಮರೆತುಬಿಡೋಣವೆಂದು ಎಲ್ಲರ ಮನಸ್ಸೂ ಹೇಳುತ್ತದೆ. ದುಃಖವನ್ನು ಮರೆಯುವುದು ಒಳ್ಳೆಯದೇ. ಆದರೆ ದುಃಖ ಕಲಿಸಿದ ಪಾಠವನ್ನೂ ಅದರ ಜೊತೆಗೇ ಮರೆತವನು ಅದೇ ಹಳ್ಳಕ್ಕೆ ಎರಡನೆಯ ಸಲ ಬೀಳುತ್ತಾನೆ.

ಕೆಲವು ತಿಂಗಳ ಹಿಂದೆ ಬಂಗಾರಪೇಟೆಯ ಕಡೆಯ ಒಂದು ಹಳ್ಳಿಯಿಂದ ವೃದ್ಧ ಭಕ್ತರೊಬ್ಬರು ಮೊಮ್ಮಗನನ್ನು ಕರೆದುಕೊಂಡು ಮಠಕ್ಕೆ ಬಂದಿದ್ದರು. ಹುಡುಗ ಬಲು ಚೂಟಿ. ಹಸುವಿನ ವಿಷಯ, ಕೆರೆಯ ವಿಷಯ, ಟೊಮೇಟೊ ಮಂಡಿಯ ದರದ ವಿಷಯ, ಏನು ಕೇಳಿದರೂ ಪಟಪಟನೆ ಹೇಳಿದ. ನಮ್ಮ ದಾಸೋಹದ ಮನೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ಎಲೆಯಲ್ಲಿ ಅನ್ನ ಬಿಡಬೇಡಿ' ಎಂದು ಬರೆಸಿದ್ದೇವೆ. 'ಅದನ್ನು ಓದು ಮಗು' ಎಂದೆವು. ಹುಡುಗ ತಲೆ ತಗ್ಗಿಸಿದ. ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯತೊಡಗಿದ. ಅಜ್ಜ ಮೆಲ್ಲಗೆ ಹೇಳಿದರು: 'ಬುದ್ಧೀ, ಒಂದನೇ ಕ್ಲಾಸಿಗೆ ಸೇರಿಸ್ಬೇಕು ಅನ್ನೋ ಹೊತ್ಗೆ ಕೊರೊನಾ ಬಂತು. ಒಂದೂವರೆ ವರ್ಸ ನನ್ ಜೊತೆ ಹಸ ಮೇಯಿಸ್ಕೊಂಡಿದ್ದ. ಆಮೇಲೆ ಸ್ಕೂಲು ತೆಗೆದ್ರು, ಸೀದಾ ಎರಡನೇ ಕ್ಲಾಸಲ್ಲಿ ಕೂರ್ಸಿದ್ರು. ವರ್ಸ ವರ್ಸ ಪಾಸಾಗ್ತಾ ಬಂದವ್ನೆ. ಅಕ್ಷರ ಮಾತ್ರ ಕೂಡ್ಸೋಕೆ ಬರಲ್ಲ.'

ಆ ಮಾತು ಕೇಳಿದಂದಿನಿಂದ ಈ ಲೇಖನ ಬರೆಯಬೇಕೆಂಬ ಸಂಕಲ್ಪ ನಮ್ಮಲ್ಲಿ ಹುಟ್ಟಿತು. ಹೇಳಬೇಕಾದುದು ಇಷ್ಟೆ. ಮಾರಿ ಬಂದು ಹೋಯಿತು. ಮುಂದೆಯೂ ಯಾವುದಾದರೊಂದು ರೂಪದಲ್ಲಿ ಬಂದೀತು. ಆಗ ಊರಿನ ಬಾಗಿಲುಗಳನ್ನು ಮುಚ್ಚಬೇಕಾಗಿ ಬಂದರೆ ಶಾಲೆಯ ಬಾಗಿಲನ್ನು ಎಲ್ಲಕ್ಕಿಂತ ಕೊನೆಗೆ ಮುಚ್ಚಬೇಕು, ಎಲ್ಲಕ್ಕಿಂತ ಮೊದಲು ತೆರೆಯಬೇಕು. ಅದನ್ನು ಕಣ್ಣುಮುಚ್ಚಿ ತೆರೆಯಬಾರದು, ಜೋಪಾನವಾಗಿ ತೆರೆಯಬೇಕು. ಆ ಜೋಪಾನದ ಸಿದ್ಧತೆಯನ್ನು ಮಾರಿ ಇಲ್ಲದ ಇಂದಿನ ದಿನಗಳಲ್ಲಿಯೇ ಮಾಡಿಕೊಳ್ಳಬೇಕು.

ನಡೆದುದನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳೋಣ. 2020ರ ಮಾರ್ಚ್ ತಿಂಗಳ ನಡುವೆ ನಮ್ಮ ರಾಜ್ಯದ ಶಾಲೆಗಳು ಮುಚ್ಚಿದವು. ಮಾರ್ಚ್ 25ರಿಂದ ದೇಶಕ್ಕೇ ಬೀಗ ಬಿತ್ತು. ಮೇ 4ರಂದು ಮದ್ಯದ ಅಂಗಡಿಗಳು ತೆರೆದವು. ಜೂನ್ 8ರಂದು ದೇವಾಲಯಗಳು ತೆರೆದವು. ಆಮೇಲೆ ಸಂತೆ, ಮದುವೆ, ಚುನಾವಣೆ, ಎಲ್ಲವೂ ಒಂದೊಂದಾಗಿ ಆರಂಭವಾದವು. ಹತ್ತನೇ ತರಗತಿಯ ಮಕ್ಕಳಿಗೆ ಶಾಲೆ ತೆರೆದದ್ದು 2021ರ ಜನವರಿ 1ರಂದು. ಆ ವರ್ಷದ ಏಪ್ರಿಲ್‌ನಲ್ಲಿ ಎರಡನೇ ಅಲೆ ಬಂದು ಮತ್ತೆ ಎಲ್ಲ ಮುಚ್ಚಿತು. ಆಗಸ್ಟ್ 23ರಂದು ಒಂಬತ್ತು ಮತ್ತು ಅದರ ಮೇಲಿನ ತರಗತಿಗಳು, ಸೆಪ್ಟೆಂಬರ್ 6ರಂದು ಆರರಿಂದ ಎಂಟು, ಕಟ್ಟಕಡೆಗೆ ಅಕ್ಟೋಬರ್ 25ರಂದು ಒಂದರಿಂದ ಐದನೇ ತರಗತಿಗಳು ತೆರೆದವು. ಅಂದರೆ ಅ ಆ ಇ ಈ ಕಲಿಯಬೇಕಾದ ಕಂದಮ್ಮಗಳು 19 ತಿಂಗಳು ಶಾಲೆಯ ಹೊಸ್ತಿಲು ತುಳಿಯಲಿಲ್ಲ. ಯಾರಿಗೆ ಗುರುವಿನ ಸನ್ನಿಧಿ ಎಲ್ಲರಿಗಿಂತ ಹೆಚ್ಚು ಬೇಕಿತ್ತೋ ಅವರ ಸರದಿ ಎಲ್ಲರಿಗಿಂತ ಕೊನೆಗೆ ಬಂತು.

ಇದರಿಂದ ಆದ ನಷ್ಟವನ್ನು ವಿದ್ವಾಂಸರು ಅಳೆದು ನೋಡಿದ್ದಾರೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿ 5 ರಾಜ್ಯಗಳ 16,000ಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿ 2021ರ ಫೆಬ್ರವರಿಯಲ್ಲಿ ವರದಿ ಪ್ರಕಟಿಸಿದರು. ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಯಾವುದಾದರೊಂದು ಕೌಶಲವನ್ನು ನೂರಕ್ಕೆ 92 ಮಕ್ಕಳು, ಲೆಕ್ಕದ ಯಾವುದಾದರೊಂದು ಕೌಶಲವನ್ನು ನೂರಕ್ಕೆ 82 ಮಕ್ಕಳು ಮರೆತಿದ್ದರು. ಹೊಸದನ್ನು ಕಲಿಯದೆ ಇದ್ದದ್ದು ಒಂದು ನಷ್ಟ, ಕಲಿತದ್ದೂ ಜಾರಿಹೋದದ್ದು ಇನ್ನೊಂದು ನಷ್ಟ. ಹಳ್ಳಿಗಳ ಮಕ್ಕಳ ಕಲಿಕೆಯನ್ನು ನೋಡುವ 'ಅಸರ್' ಎಂಬ ಸಮೀಕ್ಷೆಯ ಪ್ರಕಾರ, ನಮ್ಮ ರಾಜ್ಯದ ಗ್ರಾಮಗಳಲ್ಲಿ ಮೂರನೇ ತರಗತಿಯ ನೂರು ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು 2018ರಲ್ಲಿ ಸುಮಾರು 19 ಮಂದಿ ಇದ್ದರು. 2022ರಲ್ಲಿ ಅವರ ಸಂಖ್ಯೆ ಸುಮಾರು 9ಕ್ಕೆ ಇಳಿಯಿತು. ಮೊದಲೇ ಬಡಕಲಾಗಿದ್ದ ಹಸುವಿನ ಹಾಲು ಅರ್ಧಕ್ಕೆ ಇಳಿದಂತಾಯಿತು. ನಮ್ಮ ಭಕ್ತರ ಮೊಮ್ಮಗ ಒಬ್ಬನೇ ಹುಡುಗನಲ್ಲ. ಊರೂರಿನಲ್ಲಿಯೂ ಅಂಥವರಿದ್ದಾರೆ. ಅವರೆಲ್ಲ ಈಗ ಹೈಸ್ಕೂಲಿನ ಹೊಸ್ತಿಲಿಗೆ ಬರುತ್ತಿದ್ದಾರೆ.

'ಮೊಬೈಲಿನಲ್ಲಿ ಪಾಠ ನಡೆಯುತ್ತಿತ್ತಲ್ಲ ಸ್ವಾಮೀಜಿ' ಎಂದು ಪಟ್ಟಣದ ಭಕ್ತರು ಕೇಳುತ್ತಾರೆ. ನಡೆಯುತ್ತಿತ್ತು. ದೂರದರ್ಶನದ ಚಂದನ ವಾಹಿನಿಯಲ್ಲಿಯೂ ಪಾಠ ಬಂತು. ಅದರಿಂದ ಉಪಕಾರವಾದವರೂ ಇದ್ದಾರೆ. ಆದರೆ ನಮ್ಮ ಸೀಮೆಯ ಬದುಕನ್ನು ಸ್ವಲ್ಪ ನೋಡಿ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಮಂದಿ ಬೆಳಗಿನ ಜಾವ ಎದ್ದು ಮಾರಿಕುಪ್ಪಂ, ಬಂಗಾರಪೇಟೆಗಳಿಂದ ರೈಲು ಹಿಡಿದು ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಮನೆ ಸೇರುವುದು ರೂಢಿಯಾಯಿತು. 2020ರ ಮಾರ್ಚ್‌ನಲ್ಲಿ ಆ ರೈಲು ನಿಂತಿತು, ಕೂಲಿಯೂ ನಿಂತಿತು. ಗಣಿ ಕಾರ್ಮಿಕರ ಹಳೆಯ ಲೈನ್ ಮನೆಗಳಲ್ಲಿ ಇರುವುದು ಇಕ್ಕಟ್ಟಾದ ಒಂದೆರಡು ಕೋಣೆ. ಅದರೊಳಗೇ ಅಡಿಗೆ, ಮುದುಕರ ಕೆಮ್ಮು, ಕೂಸಿನ ಅಳು. ಮನೆಗೆಲ್ಲ ಒಂದೇ ಫೋನು. ಕೆಲಸ ಮತ್ತೆ ಸಿಕ್ಕಿದಾಗ ಆ ಫೋನು ಅಪ್ಪನ ಜೇಬಿನಲ್ಲಿ ಬೆಂಗಳೂರಿಗೆ ಹೋಗುತ್ತಿತ್ತು. ಮಗು ಯಾವುದರಲ್ಲಿ ಪಾಠ ಕೇಳಬೇಕು? ಮನೆಯಲ್ಲಿ ತಮಿಳು, ತೆಲುಗು, ಉರ್ದು ಆಡುವ ಮಕ್ಕಳಿಗೆ ಕನ್ನಡ ಕಿವಿಗೆ ಬೀಳುತ್ತಿದ್ದುದೇ ಶಾಲೆಯ ಅಂಗಳದಲ್ಲಿ. ಆ ಅಂಗಳ ಮುಚ್ಚಿದ ಮೇಲೆ ಭಾಷೆಯೂ ಮುಚ್ಚಿಹೋಯಿತು. 2021ರ ಆಗಸ್ಟ್‌ನಲ್ಲಿ ನಮ್ಮ ರಾಜ್ಯವೂ ಸೇರಿ 15 ರಾಜ್ಯ, ಕೇಂದ್ರಾಡಳಿತ ಪ್ರದೇಶಗಳ ಬಡ ಕುಟುಂಬಗಳಲ್ಲಿ ನಡೆದ ಒಂದು ವಿಚಾರಣೆಯಲ್ಲಿ, ಹಳ್ಳಿಯ ನೂರು ಮಕ್ಕಳಲ್ಲಿ 8 ಮಂದಿ ಮಾತ್ರ ಕ್ರಮವಾಗಿ ಆನ್‌ಲೈನ್ ಪಾಠ ಕೇಳುತ್ತಿದ್ದುದು ಕಂಡುಬಂತು. 37 ಮಕ್ಕಳು ಏನನ್ನೂ ಓದುತ್ತಿರಲಿಲ್ಲ.

ಶಾಲೆ ಎಂದರೆ ಅಕ್ಷರ ಒಂದೇ ಅಲ್ಲ, ಅನ್ನವೂ ಹೌದು. ದಾಸೋಹವೆಂಬ ನಮ್ಮ ಶರಣರ ಪದವನ್ನು ಸರ್ಕಾರ ಶಾಲೆಯ ಬಿಸಿಯೂಟಕ್ಕೆ ಇಟ್ಟು 'ಅಕ್ಷರ ದಾಸೋಹ'ವೆಂದು ಕರೆಯಿತು. ಇದಕ್ಕಿಂತ ಸಾರ್ಥಕವಾದ ಹೆಸರು ಬೇರೆ ಇಲ್ಲ. 2013ರಿಂದ ಹಾಲೂ ಬಂತು. ಶಾಲೆ ಮುಚ್ಚಿದಾಗ ಅಕ್ಕಿ ಬೇಳೆಯನ್ನು ಮನೆಗೇ ಕೊಟ್ಟರು, ನಿಜ. ಆದರೆ ಮನೆಗೆ ಹೋದ ಅಕ್ಕಿ ಎಲ್ಲರ ಗಡಿಗೆಯ ಅಕ್ಕಿ. ಮಗುವಿನ ಎಲೆಗೆ ಬಿಸಿಬಿಸಿಯಾಗಿ ಬೀಳುವ ಅನ್ನದ ಮಾತು ಬೇರೆ. ಪಂಕ್ತಿಯಲ್ಲಿ ಎಲ್ಲ ಜಾತಿಯ ಮಕ್ಕಳೊಡನೆ ಕುಳಿತು ಉಣ್ಣುವ ಸಂಸ್ಕಾರವನ್ನಂತೂ ಯಾವ ಪಡಿತರ ಚೀಲದಲ್ಲಿಯೂ ತುಂಬಿ ಕಳುಹಿಸಲಾಗದು.

ಇಷ್ಟನ್ನು ಹೇಳಿ ನಾವು ಸರ್ಕಾರವನ್ನೋ ಅಧಿಕಾರಿಗಳನ್ನೋ ದೂರಿ ಕೈತೊಳೆದುಕೊಳ್ಳಲು ಹೊರಟಿಲ್ಲ. ಬೇರೆಯವರ ಎಲೆಯ ಮೇಲಿನ ನೊಣ ತೋರಿಸುವ ಮೊದಲು ನಮ್ಮ ಎಲೆಯ ಮೇಲಿನ ಕತ್ತೆಯನ್ನು ನೋಡಿಕೊಳ್ಳಬೇಕಲ್ಲವೇ? ನಮ್ಮ ಮಠದ ಆಶ್ರಯದಲ್ಲಿಯೂ ಏಳನೇ ತರಗತಿಯವರೆಗಿನ ಒಂದು ಚಿಕ್ಕ ಶಾಲೆ ಇದೆ. 2021ರ ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಸರ್ಕಾರ ಅನುಮತಿ ಕೊಟ್ಟಾಗ ಶಿಕ್ಷಕರು ಬಂದು, 'ಬುದ್ಧೀ, ತೆರೆಯೋಣವೇ?' ಎಂದು ಕೇಳಿದರು. 'ಅವಸರ ಬೇಡ, ಸಂಕ್ರಾಂತಿ ಕಳೆಯಲಿ' ಎಂದೆವು. ಭಯವಿತ್ತು. ಮಠದ ಶಾಲೆಯಲ್ಲಿ ಸೋಂಕು ಬಂತೆಂದು ಜನ ಆಡಿಕೊಂಡಾರು ಎಂಬ ಅಳುಕೂ ಇತ್ತು. ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದೇ ಕಾರ್ತಿಕದಲ್ಲಿ ಮಠದ ಅಂಗಳದಲ್ಲಿ ದೀಪೋತ್ಸವ ನಡೆಸಿದೆವು. ನೂರಾರು ಭಕ್ತರು ಸೇರಿದರು, ಪ್ರಸಾದ ಸ್ವೀಕರಿಸಿದರು. ಶಾಲೆಯ ಕೋಣೆಗಳಲ್ಲಿ ಮಾತ್ರ ದೀಪವಿರಲಿಲ್ಲ. ಸಂಕ್ರಾಂತಿ ಬರುವ ಹೊತ್ತಿಗೆ ಮೂರನೇ ಅಲೆ ಬಂತು. ನಾವು ಬಾಗಿಲು ತೆರೆದದ್ದು 2022ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಏಳನೇ ತರಗತಿಯ ಒಬ್ಬ ಹೆಣ್ಣುಮಗಳು ಬರುವುದನ್ನು ಬಿಟ್ಟಳು. ತಾಯಿ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು, ಚಿಕ್ಕ ತಮ್ಮನನ್ನು ನೋಡಿಕೊಳ್ಳಲು ಈಕೆ ಮನೆಯಲ್ಲಿ ನಿಂತಳು. ನಿಂತವಳು ನಿಂತೇಬಿಟ್ಟಳು. ಎರಡು ಸಲ ಹೇಳಿಕಳುಹಿಸಿದೆವು, ಬರಲಿಲ್ಲ. ಸೆಪ್ಟೆಂಬರ್‌ನಲ್ಲಿಯೇ ಬಾಗಿಲು ತೆರೆದಿದ್ದರೆ ಆ ಮಗು ಇಂದು ಕಾಲೇಜಿನಲ್ಲಿ ಇರುತ್ತಿತ್ತೋ ಏನೋ. ಆ ಭಾರ ನಮ್ಮದು.

ತುಮಕೂರಿನ ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳು 2019ರ ಜನವರಿ 21ರಂದು ಲಿಂಗೈಕ್ಯರಾದಾಗ, ಮಠದ ಮಕ್ಕಳ ಊಟ ಮುಗಿಯುವ ತನಕ ಆ ಸುದ್ದಿಯನ್ನು ಹೊರಗೆ ತಿಳಿಸಲಿಲ್ಲ. ಅದು ಪೂಜ್ಯರ ಇಚ್ಛೆಯೇ ಆಗಿತ್ತೆಂಬುದನ್ನು ಭಕ್ತರೆಲ್ಲ ಬಲ್ಲಿರಿ. ಮೊದಲು ಮಕ್ಕಳು, ಉಳಿದದ್ದೆಲ್ಲ ಆಮೇಲೆ. ಆ ಮಹಾತ್ಮರ ಹೆಸರು ಹೇಳಿಕೊಳ್ಳುವ ನಾವು ಮೊದಲು ದೀಪೋತ್ಸವ ಮಾಡಿ ಆಮೇಲೆ ಶಾಲೆ ತೆರೆದೆವು. ಇದನ್ನು ನಮ್ಮ ಬಾಯಿಂದಲೇ ಹೇಳುತ್ತಿರುವುದಕ್ಕೆ ಕಾರಣವುಂಟು. ಗುರುಸ್ಥಾನದಲ್ಲಿ ಕುಳಿತವರು ತಪ್ಪನ್ನು ಒಪ್ಪದಿದ್ದರೆ ಊರಿನ ಹಿರಿಯರು ಒಪ್ಪುವುದು ಹೇಗೆ?

ಹಾಗೆಂದು ಆ ದಿನಗಳ ಭಯ ಸುಳ್ಳಾಗಿರಲಿಲ್ಲ. 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಆಮ್ಲಜನಕಕ್ಕಾಗಿ, ಒಂದು ಹಾಸಿಗೆಗಾಗಿ ಜನ ಅಲೆದದ್ದನ್ನು ನಾವೆಲ್ಲ ಕಂಡಿದ್ದೇವೆ. ಬೆಳಿಗ್ಗೆ ಫೋನಿನಲ್ಲಿ ಮಾತನಾಡಿದ ಭಕ್ತರು ಸಂಜೆಗೆ ಇಲ್ಲವಾದ ಸುದ್ದಿ ಬರುತ್ತಿತ್ತು. ಶಾಲೆಗೆ ಹೋದ ಮಗು ಮನೆಗೆ ಸೋಂಕು ತಂದು ಅಜ್ಜ ಅಜ್ಜಿಗೆ ಅಂಟಿಸಿದರೆ ಎಂಬ ಹೆದರಿಕೆಯಲ್ಲಿ ಪ್ರೀತಿಯೇ ಇತ್ತು. ಮೊದಲ ದಿನಗಳಲ್ಲಿ ರೋಗದ ಸ್ವರೂಪವೇ ತಿಳಿಯದಾಗ ಬಾಗಿಲು ಹಾಕಿದ್ದು ವಿವೇಕವೇ. ತಪ್ಪಾದದ್ದು, ರೋಗದ ಸ್ವರೂಪ ತಿಳಿದ ಮೇಲೆಯೂ ಬೀಗದ ಕೈಯನ್ನು ಸೊಂಟದಲ್ಲಿಯೇ ಇಟ್ಟುಕೊಂಡದ್ದು.

ಏನು ತಿಳಿಯಿತು? 2021ರ ಜೂನ್, ಜುಲೈಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ದೇಶದ ಉದ್ದಗಲಕ್ಕೂ ಜನರ ರಕ್ತ ಪರೀಕ್ಷಿಸಿದರು. ಆರರಿಂದ ಹದಿನೇಳು ವಯಸ್ಸಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸೋಂಕು ಆಗಲೇ ತಗಲಿ ಹೋಗಿರುವ ಗುರುತು ಕಂಡಿತು. ಶಾಲೆ ಬಹುಕಾಲ ಮುಚ್ಚಿಯೇ ಇದ್ದರೂ ಸೋಂಕು ಮಕ್ಕಳನ್ನು ಬಿಟ್ಟಿರಲಿಲ್ಲ. ಸಂತೆಗೆ, ಮದುವೆಗೆ, ಕೆಲಸಕ್ಕೆ ಹೋಗಿ ಬರುತ್ತಿದ್ದ ನಾವು ದೊಡ್ಡವರೇ ಅದನ್ನು ಮನೆಗೆ ತಂದುಕೊಟ್ಟಿದ್ದೆವು. ಅದೇ ಜುಲೈ 20ರಂದು ಮಂಡಳಿಯ ಮಹಾನಿರ್ದೇಶಕ ಡಾ. ಬಲರಾಮ್ ಭಾರ್ಗವ ಅವರು, ಚಿಕ್ಕ ಮಕ್ಕಳು ಈ ಸೋಂಕನ್ನು ದೊಡ್ಡವರಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತಾರೆ, ತೆರೆಯುವುದಾದರೆ ಪ್ರಾಥಮಿಕ ಶಾಲೆಯಿಂದಲೇ ಆರಂಭಿಸಬಹುದು, ಆದರೆ ಶಿಕ್ಷಕರಿಗೂ ಸಿಬ್ಬಂದಿಗೂ ಲಸಿಕೆಯಾಗಿರಬೇಕು ಎಂದು ಹೇಳಿದರು. ಯುರೋಪಿನ ಡೆನ್ಮಾರ್ಕ್ ದೇಶದವರು ಅದಕ್ಕೂ ಬಹಳ ಮೊದಲು, 2020ರ ಏಪ್ರಿಲ್ 15ರಂದೇ, ಚಿಕ್ಕ ಮಕ್ಕಳಿಗೆ ಶಾಲೆ ತೆರೆದಿದ್ದರು. ಮಕ್ಕಳನ್ನು ಸಣ್ಣ ಸಣ್ಣ ಗುಂಪು ಮಾಡಿದರು, ಸಾಧ್ಯವಾದಷ್ಟು ಪಾಠವನ್ನು ಬಯಲಿನಲ್ಲಿ ಹೇಳಿದರು. ನಮ್ಮಲ್ಲಿ ಕ್ರಮ ತಲೆಕೆಳಗಾಯಿತು. ದೊಡ್ಡ ಮಕ್ಕಳು ಮೊದಲು, ಚಿಕ್ಕವರು ಕೊನೆಗೆ.

ಇನ್ನೊಂದು ತಿಳಿದ ವಿಷಯ ಗಾಳಿಯದು. ಮೊದಮೊದಲು ಮೇಜು, ಬೆಂಚು, ಬಾಗಿಲ ಚಿಲಕ, ಎಲ್ಲಕ್ಕೂ ಔಷಧಿ ಸಿಂಪಡಿಸಿದ್ದೇ ಸಿಂಪಡಿಸಿದ್ದು. ಆಮೇಲೆ ಖಚಿತವಾಯಿತು, ಈ ಸೋಂಕು ಮುಖ್ಯವಾಗಿ ಮನುಷ್ಯನ ಉಸಿರಿನಿಂದ, ಗಾಳಿಯಾಡದ ಕೋಣೆಯಲ್ಲಿ ಹರಡುತ್ತದೆ ಎಂದು. ಭಕ್ತರಿಗೆ ಅರ್ಥವಾಗುವಂತೆ ಹೇಳುವುದಾದರೆ, ಗರ್ಭಗುಡಿಯಲ್ಲಿ ಹಾಕಿದ ಧೂಪ ಗಂಟೆಗಟ್ಟಲೆ ಅಲ್ಲೇ ಸುತ್ತುತ್ತದೆ. ಅದೇ ಧೂಪವನ್ನು ಅಂಗಳದಲ್ಲಿ ಹಾಕಿದರೆ ಗಳಿಗೆಯಲ್ಲಿ ಕರಗಿಹೋಗುತ್ತದೆ. ರೋಗಿಯ ಉಸಿರೂ ಹಾಗೆಯೇ. ಎದುರುಬದುರು ಎರಡು ಕಿಟಕಿ ತೆರೆದಿರುವ ಕೋಣೆ ಅಂಗಳಕ್ಕೆ ಹತ್ತಿರ, ಕಿಟಕಿ ಮುಚ್ಚಿದ ಕೋಣೆ ಗರ್ಭಗುಡಿಗೆ ಹತ್ತಿರ.

ಗಾಳಿಯ ಮಹಿಮೆಯನ್ನು ಕೆಜಿಎಫ್‌ನ ಹಿರಿಯರಿಗೆ ನಾವು ಹೇಳಿಕೊಡಬೇಕೇ? ಚಾಂಪಿಯನ್ ರೀಫ್ ಗಣಿ ನೆಲದೊಳಗೆ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆಯೇ ಮೈಸುಡುವಷ್ಟು ಬಿಸಿ. ಮೇಲಿನಿಂದ ಒಳ್ಳೆಯ ಗಾಳಿಯನ್ನು, ತಂಪು ಮಾಡಿದ ಗಾಳಿಯನ್ನು ಕೆಳಕ್ಕೆ ಇಳಿಸಿ, ಕೆಟ್ಟ ಗಾಳಿಯನ್ನು ಹೊರಕ್ಕೆ ಎಳೆಯದಿದ್ದರೆ ಅಲ್ಲಿ ಒಂದು ಪಾಳಿಯ ಕೆಲಸವೂ ಸಾಗುತ್ತಿರಲಿಲ್ಲ. ಅಪಾಯವಿದೆಯೆಂದು ಗಣಿಯನ್ನು ಯಾರೂ ಮುಚ್ಚಲಿಲ್ಲ. ಅಪಾಯವನ್ನು ಅಳೆದು, ಗಾಳಿಯ ದಾರಿ ಮಾಡಿ, ಆಮೇಲೆ ಮನುಷ್ಯರನ್ನು ಇಳಿಸಿದರು. ಎಲ್ಲಿ ಆ ಎಚ್ಚರ ಸಾಲದಾಯಿತೋ ಅಲ್ಲಿ ಕಲ್ಲಿನ ಧೂಳು ಕಾರ್ಮಿಕರ ಶ್ವಾಸಕೋಶ ಸೇರಿ ಸಿಲಿಕೋಸಿಸ್ ಎಂಬ ರೋಗವಾಗಿ ಕಾಡಿತು. ಎರಡೂ ಪಾಠಗಳು ನಿಮ್ಮ ಮನೆಯ ಹಿರಿಯರ ಎದೆಯಲ್ಲಿಯೇ ಬರೆದಿವೆ. ಚಿನ್ನಕ್ಕಾಗಿ ಪಾತಾಳಕ್ಕೇ ಗಾಳಿ ಕಳುಹಿಸಿದ ನಾಡು ತನ್ನ ಮಕ್ಕಳು ಕೂರುವ ಕೋಣೆಗೆ ಎರಡು ಕಿಟಕಿ ಇಡಲಾರದೇ?

ಬಯಲಿನ ಪಾಠ ನಮಗೆ ಹೊಸದೂ ಅಲ್ಲ. ಹಿಂದೆ ಶಾಲೆಗೆ 'ಮಠ'ವೆಂದೇ ಹೆಸರಿತ್ತು. ಐಗಳು ಜಗಲಿಯ ಮೇಲೆ, ಮರದ ನೆರಳಿನಲ್ಲಿ ಮಕ್ಕಳನ್ನು ಕೂರಿಸಿ ಮರಳಿನ ಮೇಲೆ ಬೆರಳು ಹಿಡಿದು ಅಕ್ಷರ ತಿದ್ದಿಸುತ್ತಿದ್ದರು. ಪ್ಲೇಗು ಬಂದ ಕಾಲದಲ್ಲಿ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರೆಂದು ನಿಮ್ಮ ತಾತಂದಿರು ಹೇಳಿದ್ದನ್ನು ಕೇಳಿರುತ್ತೀರಿ. ರೋಗದ ಕಾಲದಲ್ಲಿ ಇಕ್ಕಟ್ಟು ಬಿಟ್ಟು ಬಯಲು ಸೇರಬೇಕೆಂಬ ಅರಿವು ಆಗಲೇ ಇತ್ತು. 2020ರ ಆಗಸ್ಟ್‌ನಲ್ಲಿ ನಮ್ಮ ಸರ್ಕಾರ 'ವಿದ್ಯಾಗಮ' ಎಂಬ ಕಾರ್ಯಕ್ರಮ ಆರಂಭಿಸಿದಾಗ ಶಿಕ್ಷಕರು ಹಳ್ಳಿಹಳ್ಳಿಗೆ ಹೋಗಿ ಅರಳಿಕಟ್ಟೆಯಲ್ಲಿ, ಗುಡಿಯ ಪ್ರಾಂಗಣದಲ್ಲಿ ಮಕ್ಕಳನ್ನು ಗುಂಪುಗುಂಪಾಗಿ ಕೂರಿಸಿ ಪಾಠ ಹೇಳಿದರು. ಐಗಳ ಮಠವೇ ಮರಳಿ ಬಂದಂತಿತ್ತು. ಅಕ್ಟೋಬರ್‌ನಲ್ಲಿ ಸೋಂಕಿನ ಸುದ್ದಿಗಳು ಬಂದು ಅದನ್ನು ನಿಲ್ಲಿಸಿದರು. ಲೋಪಗಳನ್ನು ತಿದ್ದಿ ಮುಂದುವರಿಸುವ ದಾರಿ ಇತ್ತೆಂಬುದೇ ನಮ್ಮ ಅಭಿಪ್ರಾಯ. ನೆಗಡಿ ಬಂತೆಂದು ಮೂಗು ಕೊಯ್ಯುವುದುಂಟೇ?

ಜೋಪಾನವಾಗಿ ನಡೆಸಬಹುದೆಂಬುದಕ್ಕೆ ಸಾಕ್ಷಿಯೂ ಇತ್ತು. 2020ರ ಜೂನ್ 25ರಿಂದ, ಎಲ್ಲರೂ ಬೇಡವೆನ್ನುತ್ತಿದ್ದಾಗಲೇ, ರಾಜ್ಯದಲ್ಲಿ ಎಂಟು ಲಕ್ಷ ಮಕ್ಕಳ ಹತ್ತನೇ ತರಗತಿಯ ಪರೀಕ್ಷೆ ನಡೆಯಿತು. ಮುಖಕ್ಕೆ ಮಾಸ್ಕು, ದೂರದೂರ ಬೆಂಚು, ಬಾಗಿಲಲ್ಲಿ ಜ್ವರದ ತಪಾಸಣೆ. ಪರೀಕ್ಷೆಗೆಂದು ಇಷ್ಟು ವ್ಯವಸ್ಥೆ ಮಾಡಬಲ್ಲವರು ಪಾಠಕ್ಕೆಂದು ಮಾಡಲಾರರೇ? ಎರಡು ದಶಕ ಮುಚ್ಚಿ ಪಾಳುಬಿದ್ದಿದ್ದ ಕೆಜಿಎಫ್‌ನ ಗಣಿ ಆಸ್ಪತ್ರೆಯನ್ನು 2021ರ ಮೇ ತಿಂಗಳಲ್ಲಿ ಜನರೇ ಮುಂದೆ ನಿಂತು ಗುಡಿಸಿ, ಸಾರಿಸಿ, ಕೆಲವೇ ವಾರಗಳಲ್ಲಿ ರೋಗಿಗಳ ಹಾಸಿಗೆಗೆ ಅಣಿಗೊಳಿಸಿದರು. ಇಪ್ಪತ್ತು ವರ್ಷದ ಬೀಗವನ್ನು ತೆಗೆದ ಕೈಗಳೇ ಅವು. ಮನಸ್ಸೊಂದು ಬೇಕು, ಅಷ್ಟೆ.

ಇಲ್ಲಿ ವಿವೇಕವೂ ಬೇಕು. ಹಗಲು ಬಂದು ಸಂಜೆ ಮನೆಗೆ ಹೋಗುವ ಶಾಲೆಯ ರೀತಿ ಬೇರೆ, ನೂರಾರು ಮಕ್ಕಳು ಒಂದೇ ಸೂರಿನಡಿ ಮಲಗಿ ಏಳುವ ಪ್ರಸಾದನಿಲಯದ ರೀತಿ ಬೇರೆ. 2021ರ ಸೆಪ್ಟೆಂಬರ್ ಹೊತ್ತಿನಲ್ಲಿ ಕೆಜಿಎಫ್‌ನ ಒಂದು ನರ್ಸಿಂಗ್ ಕಾಲೇಜಿನಲ್ಲಿ ಹೊರರಾಜ್ಯದಿಂದ ಮರಳಿದ ವಿದ್ಯಾರ್ಥಿಗಳಿಗೆ ಒಟ್ಟಾಗಿ ಸೋಂಕು ಕಾಣಿಸಿಕೊಂಡಿತ್ತು. ಆದುದರಿಂದ ನಮ್ಮಂಥ ಮಠಗಳವರು ವಿದ್ಯಾರ್ಥಿನಿಲಯಗಳ ವಿಷಯದಲ್ಲಿ ಇಮ್ಮಡಿ ಎಚ್ಚರ ವಹಿಸಬೇಕು. ಹಾಸಿಗೆಗಳ ನಡುವೆ ಜಾಗ, ಕಾಯಿಲೆ ಬಿದ್ದ ಮಗುವಿಗೆ ಬೇರೆ ಕೋಣೆ, ಹೊರಗಿನಿಂದ ಬಂದವರ ತಪಾಸಣೆ ಇವು ಇಲ್ಲದೆ ನಿಲಯ ತೆರೆಯಬಾರದು. ಅಪಾಯ ಇದ್ದಲ್ಲಿ ಮುಚ್ಚಬೇಕು, ಇಲ್ಲದಲ್ಲಿ ತೆರೆದಿರಬೇಕು. ಒಂದು ಊರಿನ ಜ್ವರಕ್ಕೆ ಇಡೀ ನಾಡಿಗೆ ಪಥ್ಯ ಹಾಕಬಾರದು.

ಇನ್ನು ಹಿರಿಯರಾದ ನಿಮಗೆ ಒಂದು ಮಾತು. ಶಾಲೆಯಿಂದ ಬಂದ ಮಗು ನಿಮ್ಮ ತೊಡೆಯ ಮೇಲೆಯೇ ಬಂದು ಕೂರುತ್ತದೆ. ಅದರಿಂದ ಅಪಾಯವಾಗುವುದಾದರೆ ಹೆಚ್ಚಾಗಿ ನಿಮಗೇ. 2021ರ ಮಾರ್ಚ್ 1ರಿಂದ 60 ವರ್ಷ ದಾಟಿದವರಿಗೆ ಲಸಿಕೆ ಆರಂಭವಾದಾಗ ನಮ್ಮ ಹಳ್ಳಿಗಳಲ್ಲಿ ಎಷ್ಟು ಮಂದಿ ಹಿರಿಯರು ಆಶಾ ಕಾರ್ಯಕರ್ತೆ ಬಂದರೆ ಹಿತ್ತಿಲ ಬಾಗಿಲಿನಿಂದ ಹೊಲಕ್ಕೆ ಹೋಗಿಬಿಟ್ಟರು! 'ಜ್ವರ ಬರುತ್ತದೆ, ಸಾವು ಬರುತ್ತದೆ' ಎಂಬ ಗಾಳಿಮಾತು ನಂಬಿ ಎಷ್ಟು ತಿಂಗಳು ಕಳೆದಿರಿ! ಕೆಲವರು ಮಠಕ್ಕೆ ಬಂದು ವಿಭೂತಿ ಕೇಳಿದರು. 'ವಿಭೂತಿ ಕೊಡುತ್ತೇವೆ, ಸೂಜಿ ಚುಚ್ಚಿಸಿಕೊಂಡು ಬನ್ನಿ' ಎಂದೆವು. ಮೊಮ್ಮಗನ ಶಾಲೆಯ ಬೀಗ ಅಜ್ಜನ ತೋಳಿನಲ್ಲಿತ್ತು. ಅಜ್ಜ ತೋಳು ಕೊಟ್ಟಿದ್ದರೆ ಶಾಲೆಯ ಬಾಗಿಲು ಅಷ್ಟು ಬೇಗ ತೆರೆಯುತ್ತಿತ್ತು. ಮುಂದೆ ಇಂಥ ಪ್ರಸಂಗ ಬಂದರೆ ಮೊದಲ ಸಾಲಿನಲ್ಲಿ ನಿಲ್ಲಿ. ಇದು ನಿಮ್ಮ ಪ್ರಾಣರಕ್ಷಣೆಯೂ ಹೌದು, ಮೊಮ್ಮಕ್ಕಳಿಗೆ ನೀವು ಮಾಡುವ ದಾಸೋಹವೂ ಹೌದು.

ಹಾಗಾದರೆ ಇಂದು ಮಾಡಬೇಕಾದುದೇನು? ಪ್ರತಿ ಊರಿನ ಹಿರಿಯರು, ಶಾಲಾಭಿವೃದ್ಧಿ ಸಮಿತಿಯವರು ಈ ತಿಂಗಳು ಒಂದು ದಿನ ತಮ್ಮ ಶಾಲೆಗೆ ಹೋಗಿ ನಿಂತು ನೋಡಿ. ಕೋಣೆಯ ಕಿಟಕಿಗಳು ತೆರೆಯುತ್ತವೆಯೇ, ತುಕ್ಕು ಹಿಡಿದು ಕಚ್ಚಿಕೊಂಡಿವೆಯೇ? ಕಿಟಕಿಗೆ ಬೀರು ಅಡ್ಡವಿಟ್ಟಿದ್ದಾರೆಯೇ? ನಲ್ಲಿಯಲ್ಲಿ ನೀರು, ನೀರಿನ ಹತ್ತಿರ ಸೋಪು ಇದೆಯೇ? ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲು, ಚಿಲಕ ಇದೆಯೇ? ಅಂಗಳದಲ್ಲಿ ನೂರು ಮಕ್ಕಳು ಕೂರುವಷ್ಟು ನೆರಳಿದೆಯೇ? ಇಲ್ಲದಿದ್ದರೆ ಈ ಮಳೆಗಾಲದಲ್ಲಿಯೇ ನಾಲ್ಕು ಹೊಂಗೆ, ನಾಲ್ಕು ಬೇವು ನೆಡಿ. ಜ್ವರ ಬಂದ ಮಗುವನ್ನು ಹಾಜರಿಯ ಆಸೆಗೆ ಶಾಲೆಗೆ ಕಳುಹಿಸಬೇಡಿ, ಶಿಕ್ಷಕರೂ ಅಂಥ ಮಗುವನ್ನು ಗದರಿಸಬಾರದು. ಗುಡಿಯ ಪ್ರಾಂಗಣ, ಸಮುದಾಯ ಭವನ, ಮಠದ ಅಂಗಳ, ಇವು ಆಪತ್ಕಾಲದಲ್ಲಿ ಮೊದಲು ಮಕ್ಕಳ ಪಾಠಕ್ಕೆ, ಆಮೇಲೆ ಉಳಿದದ್ದಕ್ಕೆ ಎಂದು ಊರಿನವರು ಈಗಲೇ ಕೂತು ಗೊತ್ತುಮಾಡಿಕೊಳ್ಳಿ. ಇದಾವುದಕ್ಕೂ ದೊಡ್ಡ ಹಣ ಬೇಡ. ಒಂದು ಜಾತ್ರೆಯ ಪಟಾಕಿಯ ಖರ್ಚಿನಲ್ಲಿ ಒಂದು ಶಾಲೆಯ ಕಿಟಕಿಗಳೆಲ್ಲ ದುರಸ್ತಿಯಾಗುತ್ತವೆ.

ನಮ್ಮ ಪಾಲಿನದನ್ನೂ ಹೇಳಿಬಿಡುತ್ತೇವೆ. ಮುಂದೆ ಎಂದಾದರೂ ಇಂಥ ಮಾರಿ ಬಂದರೆ, ಮಠದ ಶಾಲೆಯ ಬಾಗಿಲು ತೆರೆಯದ ಹೊರತು ಮಠದ ಯಾವ ಉತ್ಸವವೂ ನಡೆಯುವುದಿಲ್ಲ. ದೀಪ ಮೊದಲು ಶಾಲೆಯ ಕೋಣೆಯಲ್ಲಿ, ಆಮೇಲೆ ಗದ್ದುಗೆಯ ಮುಂದೆ. ಇದನ್ನು ಮಠದ ದಫ್ತರದಲ್ಲಿ ಬರೆಸಿ ಇಟ್ಟಿದ್ದೇವೆ. ನಮ್ಮ ನಂತರ ಬರುವವರೂ ಪಾಲಿಸಲಿ.

ಅಕ್ಷರ ಓದಲಾರದೆ ನಿಂತ ಆ ಹುಡುಗ ಈಗ ಭಾನುವಾರಗಳಂದು ಅಜ್ಜನ ಜೊತೆ ಮಠಕ್ಕೆ ಬರುತ್ತಾನೆ. ನಮ್ಮ ಶಾಲೆಯ ಶಿಕ್ಷಕಿಯೊಬ್ಬರು ಜಗಲಿಯಲ್ಲಿ ಕೂರಿಸಿ ಒಂದು ಗಂಟೆ ಹೇಳಿಕೊಡುತ್ತಾರೆ. ಕಳೆದ ವಾರ ಗೋಡೆಯ ಮೇಲಿನ ಬರಹದಲ್ಲಿ ಎಲೆಯನ್ನೂ ಅನ್ನವನ್ನೂ ಓದಿದ. ಮೂರನೆಯ ಮಾತಿನ ಹತ್ತಿರ ತಡವರಿಸಿದ. ಅದೂ ಬಂದೀತು. ಹೀಗೆ ತಡವರಿಸುವ ಮಕ್ಕಳು ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಇದ್ದಾರೆ. ನಾಚಿಕೆಯಿಂದ ಹಿಂದಿನ ಬೆಂಚಿನಲ್ಲಿ ಕೂತಿದ್ದಾರೆ. ಹುಡುಕಿ, ಹತ್ತಿರ ಕರೆದು ಕೂರಿಸಿಕೊಳ್ಳಿ.

ಪರಶಿವನು ಎಲ್ಲ ಮಕ್ಕಳಿಗೂ ಆಯುಸ್ಸು, ಆರೋಗ್ಯ, ವಿದ್ಯೆಗಳನ್ನು ಕರುಣಿಸಲಿ. ನಿಮ್ಮೂರಿನ ಶಾಲೆಯ ಬಾಗಿಲೂ ಕಿಟಕಿಯೂ ಸದಾ ತೆರೆದಿರಲಿ. ಶುಭಮಸ್ತು. ಇತ್ಯಾಶೀರ್ವಾದಗಳು.